ಹೆಚ್ಚಾದ ಬೆಳಕು

ಬೆಳಕು ಬಿಡುವ ಹೊಸ ಮಾಡ್ಯೂಲಿನ ಡಬ್ಬಿಯ ಮೇಲೆ ಎಂಬತ್ತು ಕಿಲೋಮೀಟರ್ ಎಂದು ಬರೆದದ್ದನ್ನು ಫಕೀರಪ್ಪ ಎರಡು ಸಲ ಓದಿದ. ಅವನು ತರಲು ಹೇಳಿದ್ದು ನಲವತ್ತರದು.

"ಸಾವ್ಕಾರ್ರ, ಇಲ್ಲಿಂದ ಧಾರವಾಡ ಇಪ್ಪತ್ತು ಚಿಲ್ಲರ ಐತ್ರಿ. ಇದು ಭಾಳ ಜೋರಾತು."

"ಜೋರ ಇದ್ರ ಛಲೋ ಅಲ್ಲೇನೋ?" ಬಸವಪ್ರಭು ನಕ್ಕರು. "ದುರ್ಗದಬೈಲಿನ ಅಂಗಡ್ಯಾಂವ ಅಷ್ಟ ರೊಕ್ಕಕ್ಕ ಎರಡು ಪಟ್ಟು ದೂರ ಕೊಟ್ಟಾನ. ಬ್ಯಾಡ ಅನ್ನಾಕ ನನಗೇನು ಹುಚ್ಚು ಹಿಡದೈತಿ?"

ಬಸವಪ್ರಭು ಹತ್ತಿಯ ಅಡತಿ ಮುಚ್ಚಿ ಹುಬ್ಬಳ್ಳಿಯಲ್ಲಿ ಇಂಟರ್ನೆಟ್ ಕಂಪನಿ ತೆರೆದವರು. ಧಾರವಾಡ ದಾಟಿ ಅಮ್ಮಿನಬಾವಿಯ ತನಕ ಹೋಗುವ ಗಾಜಿನ ಎಳೆ ಒಂದು ಜೋಡಿಯನ್ನು ಬಾಡಿಗೆಗೆ ಹಿಡಿದಿದ್ದರು. ಈಗ ಒಂದು ಸಹಕಾರಿ ಸಂಘ ತನ್ನ ಧಾರವಾಡದ ಶಾಖೆಗೆ ತನ್ನದೇ ದಾರಿ ಬೇಕೆಂದು ಕೇಳಿತ್ತು. ಇನ್ನೊಂದು ಜೋಡಿ ಬಾಡಿಗೆ ಹಿಡಿಯುವುದೇಕೆ, ಇದ್ದ ಎಳೆಯಲ್ಲೇ ಇನ್ನೊಂದು ಬಣ್ಣದ ಬೆಳಕು ಬಿಡೋಣ, ಈ ತುದಿಗೊಂದು ಕೂಡಿಸುವ ಡಬ್ಬಿ, ಆ ತುದಿಗೊಂದು ಬಿಡಿಸುವ ಡಬ್ಬಿ ಇಟ್ಟರಾಯಿತು ಎಂದವನು ಫಕೀರಪ್ಪನೇ. ಬೆಳಕು ಬಿಡುವ ಬೆರಳುದ್ದದ ಮಾಡ್ಯೂಲುಗಳಲ್ಲಿ ಹಳೆಯದಕ್ಕೆ ಹಳದಿ ಹಿಡಿಕೆ, ಹೊಸದಕ್ಕೆ ಕೇಸರಿ.

ವಾದಿಸುತ್ತ ನಿಲ್ಲಲು ಅವನಿಗೆ ಪುರುಸೊತ್ತಿರಲಿಲ್ಲ. ಸಂಜೆ ಅಮ್ಮಿನಬಾವಿಯಲ್ಲಿ, ಹೆಂಡತಿಯ ತವರುಮನೆಯಲ್ಲಿ ಅವಳ ಕುಬಸ, ಸೀಮಂತದ ಶಾಸ್ತ್ರ. ಬಸುರಿ ಸೌಮ್ಯಾ ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದಳು: "ನಮ್ಮ ನಿಶ್ಚಯಕ್ಕ ಎಲ್ಲಾರೂ ಉಂಡ ಮ್ಯಾಲೆ ಬಂದ್ರಿ. ದೀಪಾವಳಿಗೆ ಬರಲೇ ಇಲ್ಲ. ಇವತ್ತ ನನ್ನ ಬಾಜೂಕ ಕುಂದರಲಿಲ್ಲಂದ್ರ, ಕೂಸನ್ನ ತೊಟ್ಲಕ್ಕ ಹಾಕೂತನಕ ನಿಮ್ಮ ಕೂಡ ಮಾತಾಡಂಗಿಲ್ಲ, ನೋಡ್ರಿ."

ಹೊಸ ಅಂಗಿ ತೊಟ್ಟೇ ಕೆಲಸಕ್ಕೆ ಬಂದಿದ್ದ ಫಕೀರಪ್ಪ ಮಾಡ್ಯೂಲು ಸಿಕ್ಕಿಸಿದ. ಧಾರವಾಡದ ತುದಿಯಲ್ಲಿ ಜೊತೆಗಾರ ಫಾರೂಕನೂ ಸಿಕ್ಕಿಸಿದ. ಹಸಿರು ದೀಪ ಒಮ್ಮೆ ಹತ್ತಿತು, ಮದುವೆಗೆ ಒಲ್ಲೆನೆಂದು ಮೋರೆ ತಿರುವುವ ಹುಡುಗಿಯ ಹಾಗೆ ಆರಿಯೇ ಬಿಟ್ಟಿತು.

"ಬೆಳಕು ಕಡಿಮಿ ಬಿದ್ದೈತಿ," ಎಂದರು ಬಸವಪ್ರಭು.

"ಧೂಳ ಕುಂತಿರಬೇಕು, ಬಾಯಿಲೆ ಊದ್ರಿ," ಎಂದಳು ಫೋನ್ ಎತ್ತುವ ದೇವಕ್ಕ.

ಕೆಳಗಿನ ಗ್ಯಾರೇಜಿನ ಗುಲಾಬಸಾಬ ಚಹಾ ಕುಡಿಯುತ್ತಲೇ ಮೆಟ್ಟಿಲೇರಿ ಬಂದ. "ಸೀಮೆಎಣ್ಣಿ ಹಚ್ಚಿ ತಿಕ್ಕ್ರಿ, ಫಕೀರಪ್ಪನವರ. ನಮ್ಮಲ್ಲಿ ಎಲ್ಲಾದಕ್ಕೂ ಅದ."

ಫಕೀರಪ್ಪನ ತಲೆಯ ತುಂಬ ಆಗಲೇ ಕುಬಸದ ಗಡಿಬಿಡಿ. ಮಾಡ್ಯೂಲನ್ನು ಕಿತ್ತು ಮತ್ತೆ ಹಾಕಿ ನೋಡೋಣವೆಂದು ಫಾರೂಕನಿಗೆ ಫೋನಿನಲ್ಲಿ ಹೇಳಿದ: "ಆ ಅರಿಷಿಣದ್ದು ಕೀಳಪಾ."

ಫಾರೂಕ ಕಿತ್ತ. ಆ ಕ್ಷಣಕ್ಕೆ ದೇವಕ್ಕನ ಎದುರಿನ ಫೋನುಗಳೆಲ್ಲ ಒಟ್ಟಿಗೆ ಬಾರಿಸತೊಡಗಿದವು.

"ಅಯ್ಯ, ಧಾರವಾಡಕ್ಕ ಧಾರವಾಡನ ಬೈಯಾಕತ್ತೈತಿ! ಇಂಟರ್ನೆಟ್ ಹೋತಂತ!"

"ಯಾವುದು ಕಿತ್ತಿದಿ ಮಾರಾಯಾ?"

"ನೀವ ಅರಿಷಿಣ ಅಂದ್ರಲ್ಲಣ್ಣ. ಹಳದಿ ಹಿಡಿಕಿದ್ದು."

"ಕೇಸರಿದ್ದೋ! ಅರಿಷಿಣದ ಕೊಂಬು ಮುರದ್ರ ಕೇಸರಿ ಇರತೈತಿಲ್ಲೋ!"

"ನಮ್ಮ ಮನ್ಯಾಗ ಪುಡಿ ತರ್ತಾರಣ್ಣ. ಹಳದಿನ ಇರತೈತಿ."

ಹಳದಿಯನ್ನು ಮತ್ತೆ ಅದರ ಜಾಗಕ್ಕೆ ಸೇರಿಸಿ ಧಾರವಾಡವನ್ನು ಸಮಾಧಾನಪಡಿಸುವ ಹೊತ್ತಿಗೆ ಬಿಸಿಲು ಬಾಗಿತ್ತು. ಫಕೀರಪ್ಪ ಕೊನೆಗೆ ಬೆಳಕು ಅಳೆಯುವ ಮೀಟರು ಹಚ್ಚಿ ಬಸವಪ್ರಭುಗಳ ಮುಂದೆ ಹಿಡಿದ.

"ನಾ ಹೇಳಿದ್ದ ಖರೇ ಆತು ನೋಡ್ರಿ. ಬೆಳಕು ಹೆಚ್ಚಾಗಿ ಆ ಕಡಿದಕ್ಕ ಕಣ್ಣು ಕಾಣವಲ್ತು."

"ಹೆಚ್ಚಾದ್ರ ಕಾಣಂಗಿಲ್ಲೇನು? ಎಲ್ಲ್ಯಾರ ಉಂಟೇನೋ?"

ಗುಲಾಬಸಾಬನ ಮುಖ ಅರಳಿತು. "ಖರೇ ಐತ್ರಿ ಸಾವ್ಕಾರ್ರ! ಬೈಪಾಸಿನ್ಯಾಗ ಎದುರಿನ ಲಾರಿಯಾಂವ ಪೂರ್ತಿ ಲೈಟ್ ಹೊಡದ್ರ ನಮಗ ರಸ್ತಾ ಕಾಣತೈತೇನು? ಡಿಪ್ಪರ್ ಕೊಡಬೇಕು."

ಬೆಳಕು ತಗ್ಗಿಸುವ ಬಿಲ್ಲೆ ಬೆಂಗಳೂರಿನಿಂದ ಬರಬೇಕು. ಅಲ್ಲಿಯವರೆಗೆ ಕಾಯುವವರು ಯಾರು? ಫಕೀರಪ್ಪ ದೇವಕ್ಕನ ಬಾಲ್‌ಪೆನ್ನು ಕಸಿದುಕೊಂಡು ಕೇಸರಿ ಮಾಡ್ಯೂಲಿನ ಎಳೆಯನ್ನು ಅದಕ್ಕೆ ಬಿಗಿಯಾಗಿ ಸುತ್ತಿದ. ಆ ಕಡೆ ಫಾರೂಕನಿಂದಲೂ ಸುತ್ತಿಸಿದ. ಹಸಿರು ದೀಪ ಹತ್ತಿತು. ಹತ್ತಿದ್ದು ಆರಲಿಲ್ಲ.

"ಇದರಾಗ ಏನಾತು?" ಬಸವಪ್ರಭು ಪೆನ್ನಿನ ಸುತ್ತ ಬಗ್ಗಿ ನೋಡಿದರು.

"ಎಳಿ ಬಾಗಿದಲ್ಲಿ ಹೆಚ್ಚಿನ ಬೆಳಕು ಹೊರಗ ಸೋರಿ ಹೋಗತೈತ್ರಿ."

"ಸೋರಿ ಹೋಗತೈತಿ?" ಅವರ ಮುಖ ಚೀಲ ಹರಿದು ಹತ್ತಿ ಚೆಲ್ಲಿದ್ದನ್ನು ಕಂಡವರಂತಾಯಿತು. "ರೊಕ್ಕಾ ಕೊಟ್ಟು ತಂದಿದ್ದೋ ಫಕೀರಪ್ಪಾ! ಇಷ್ಟು ಬೆಳಕು ಎಲ್ಲೀತನಕ ಹೋಗತಿತ್ತು?"

"ಧಾರವಾಡ ದಾಟಿ ನಮ್ಮ ಮಾವನ ಮನೀತನಕ ಹೋಗತಿತ್ರಿ," ಎಂದ ಫಕೀರಪ್ಪ, ಗೆದ್ದ ಉಮೇದಿನಲ್ಲಿ. "ನಾ ಬರಲೇನ್ರಿ? ಕುಬಸ ಐತಿ."

ಬಸವಪ್ರಭು ಎದ್ದು ಹೋಗಿ ದೇವಕ್ಕನ ಕೈಗೆ ಏನೋ ಕೊಟ್ಟು ಬಂದರು. ಆಮೇಲೆ ಅವರ ದನಿಯೇ ಬದಲಾಯಿತು. "ಬಸ್ಸಿಗೆ ಯಾಕ ಹೋಗ್ತಿ? ಕಾರ್ ಐತಿ, ನಾನ ಬಿಡ್ತೇನಿ. ನಿಮ್ಮ ಮಾವನವರು ನಮ್ಮ ಹಳೇ ಗಿರಾಕಿ."

ಫಕೀರಪ್ಪ ಕಾರು ಹತ್ತಿ ಕೂತ. ಇಂಥ ಧಣಿಗೆ ಬೆನ್ನ ಹಿಂದೆ ಏನೇನೋ ಅಂದೆನಲ್ಲ ಎಂದುಕೊಂಡ. ಏಸಿಯ ತಂಪಿಗೆ ಅಂಗಿಯ ಬೆವರೂ ಆರಿತು. ದೀಪ ಹಚ್ಚುವ ಹೊತ್ತಿಗೆ ಅಮ್ಮಿನಬಾವಿಯ ಬಾಗಿಲಲ್ಲಿ ಕಾರು ನಿಂತಿತು. ಅತ್ತೆ ಮುರಿಗೆವ್ವ ಓಡಿ ಬಂದು, "ಅಳ್ಯಾರು ಬಂದ್ರು! ಖರೇ ಬಂದ್ರು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಹಸಿರು ಸೀರೆಯಲ್ಲಿ ಕೂತಿದ್ದ ಸೌಮ್ಯಾ ತಲೆ ತಗ್ಗಿಸಿಯೇ ನಕ್ಕಳು. ಅವಳ ಬದಿಯಲ್ಲಿ ಮಣೆ ಖಾಲಿಯಿತ್ತು. ಫಕೀರಪ್ಪ ಚಪ್ಪಲಿ ಬಿಟ್ಟ.

"ಏ ಫಕೀರಪ್ಪಾ, ಸ್ವಲ್ಪ ಬಾ ಇಲ್ಲೆ." ಬಸವಪ್ರಭು ಕಾರಿನ ಡಿಕ್ಕಿ ತೆರೆದಿದ್ದರು. ಒಳಗೆ ಒಂದು ಡಬ್ಬಿ, ವೈರಿನ ಸುರುಳಿ, ಹಸಿರು ಹಿಡಿಕೆಯ ಇನ್ನೊಂದು ಎಂಬತ್ತು ಕಿಲೋಮೀಟರಿನ ಮಾಡ್ಯೂಲು. "ಇದರ ಜೋಡಿದ್ದನ್ನ ಆಫೀಸಿನ್ಯಾಗ ದೇವಕ್ಕನ ಕೈಯಾಗ ಕೊಟ್ಟು ಬಂದೇನಿ, ನೀ ಫೋನಿನ್ಯಾಗ ಹೇಳಿದಂಗ ಸಿಕ್ಕಸ್ತಾಳ. ನಮ್ಮ ಬಾಡಿಗಿ ಎಳಿ ಈ ಓಣಿ ಕಂಬದತನಕ ಬಂದೈತಿ, ಮರತೇನು? ಹೆಚ್ಚಾದ ಬೆಳಕು ಇಲ್ಲಿ ಉಪಯೋಗಕ್ಕ ಬರಲಿ. ದಾರ್‍ಯಾಗ ನೀ ತೂಕಡಸೂ ಮುಂದ ನಿಮ್ಮ ಮಾವನವರಿಗೂ ಫೋನ್ ಹಚ್ಚಿ ಹೇಳೇನಿ."

ಮಾವ ಆಗಲೇ ಕಂಬಕ್ಕೆ ಏಣಿ ಆನಿಸಿ ನಿಂತಿದ್ದ. "ಊರಿಗೇ ನಮ್ಮದು ಮೊದಲನೇ ಕನೆಕ್ಷನ್, ಅಳ್ಯಾರ! ಲಗೂ ಹತ್ರಿ!"

ಹೊಸ ಅಂಗಿ ಮಾಸೀತೆಂದು ಫಕೀರಪ್ಪ ಅದನ್ನು ಬಿಚ್ಚಿ ಅತ್ತೆಯ ಕೈಗೆ ಕೊಟ್ಟು ಏಣಿ ಹತ್ತಿದ. ಕೆಳಗೆ ಸೋಬಾನೆ ಶುರುವಾಯಿತು. ಹೊತ್ತು ಮೀರುತ್ತದೆಂದು ಮುರಿಗೆವ್ವ ಆ ಅಂಗಿಯನ್ನೇ ಮಡಚಿ ಮಣೆಯ ಮೇಲೆ ಕೂಡಿಸಿ, ಮಗಳ ಜೊತೆ ಅದಕ್ಕೂ ಆರತಿ ಎತ್ತಿದಳು. ಬಸವಪ್ರಭು ಮೊದಲ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ಸೌಮ್ಯಾ ತಲೆಯೆತ್ತಿ ಕಂಬದ ಕಡೆ ನೋಡಿದಳು.

"ಏನ್ರೀ, ನೀವು ಬಂದೀರಿ ಅಂತ ತಿಳ್ಕೋಲೋ, ಬಂದಿಲ್ಲ ಅಂತ ತಿಳ್ಕೋಲೋ?"

ಹಲ್ಲಿನಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡಿದ್ದ ಫಕೀರಪ್ಪ ಕತ್ತು ಅಲ್ಲಾಡಿಸಿದ. ಅದು ಹೌದೋ ಅಲ್ಲವೋ, ಕೆಳಗಿದ್ದ ಯಾರಿಗೂ ತಿಳಿಯಲಿಲ್ಲ.