ಲ್ಯಾಬಿನಲ್ಲಿ ಉಣ್ಣುವ ಮೇಷ್ಟ್ರು

ಹತ್ತು ಜನ ಮೇಷ್ಟ್ರುಗಳು ಒಂದೇ ಸೂರಿನಡಿ ಇದ್ದರೆ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಶಿವಮೊಗ್ಗದಿಂದ ದಿನಾ ಬಸ್ಸು. ಸೇರಿದ ದಿನ ಸ್ಟಾಫ್ ರೂಮಿನಲ್ಲಿ ಕುರ್ಚಿ ಸಾಲದೆ, ಇವತ್ತೊಂದು ದಿನ ಎಂದು ಡಬ್ಬಿ ಹಿಡಿದು ಲ್ಯಾಬಿಗೆ ಹೋದೆ. ಮರುದಿನ ಯಾರಾದರೂ ಊಟಕ್ಕೆ ಕರೆಯಲಿ ಎಂದು ಕಾದೆ. ಎಂಟು ವರ್ಷವಾಯಿತು.

೧. ಹೆಬ್ಬೆರಳು

ನಮ್ಮೊಳಗೆ ಹೊಂದಾಣಿಕೆ ಹೆಚ್ಚಲೆಂದು ಮುಖ್ಯೋಪಾಧ್ಯಾಯಿನಿ ವಾಟ್ಸಾಪ್ ಗುಂಪು ಮಾಡಿದರು. ಪ್ರಯೋಗವೊಂದು ಅರ್ಧಕ್ಕೆ ನಿಂತಿತ್ತು. 'ನಾಳೆ ಎಂಟನೇ ತರಗತಿಯ ಮೂರನೇ ಪೀರಿಯಡ್ ನನಗೆ ಬಿಟ್ಟುಕೊಡುವಿರಾ?' ಎಂದು ಹಾಕಿದೆ. ಒಂಬತ್ತು ಹೆಬ್ಬೆರಳು ಬಂದವು. ಮರುದಿನ ಸಾಮಾನು ಹೊತ್ತು ಹೋದರೆ ಗಣಿತದ ಮೇಡಂ ಪಾಠ ಮಾಡುತ್ತಿದ್ದಾರೆ.

"ನೀವೂ ಹೆಬ್ಬೆರಳು ಒತ್ತಿದ್ರಲ್ಲ ಮೇಡಂ?"

"ಅದು ಓದಿದೀನಿ ಅಂತ ಸಾರ್."

೨. ಸಾಲು

ಶಿವಮೊಗ್ಗದಲ್ಲಿ ತರಬೇತಿ. ವಿಷಯ, ಒಟ್ಟಾಗಿ ಕೆಲಸ ಮಾಡುವುದು. "ನಿಮ್ಮ ಶಾಲೆಯಲ್ಲಿ ನೀವು ಅತಿ ಕಡಿಮೆ ಮಾತಾಡಿಸಿದವರ ಮುಂದೆ ಹೋಗಿ ನಿಲ್ಲಿ" ಎಂದರು ತರಬೇತಿ ಕೊಡುವವರು. ಯಾರ ಮುಂದೆ ನಿಲ್ಲಲಿ ಎಂದು ಯೋಚಿಸಿ ತಲೆ ಎತ್ತುವಷ್ಟರಲ್ಲಿ ನಮ್ಮ ಶಾಲೆಯ ಒಂಬತ್ತೂ ಜನ ನನ್ನೆದುರು ಸಾಲಾಗಿ ನಿಂತಿದ್ದರು. ಆಗ ತಾನೇ ಟೀ ಮುಗಿಸಿ ಬಂದ ಹೊಳೆಹೊನ್ನೂರಿನ ಮೇಷ್ಟ್ರೊಬ್ಬರು ಸಾಲಿನ ತುದಿಗೆ ಸೇರಿಕೊಂಡು ಕೇಳಿದರು:

"ಹಾಜರಿಗೆ ಸಹಿ ಇಲ್ಲೇನಾ ಹಾಕೋದು?"

೩. ವ್ರತ

ತರಬೇತಿಯ ಕೊನೆಗೆ ಜೋಡಿ ಮಾಡಿದರು. ಒಬ್ಬರ ಕ್ಲಾಸಿನಲ್ಲಿ ಇನ್ನೊಬ್ಬರು ಕೂತು ನೋಡಬೇಕು. ನನಗೆ ಸಿಕ್ಕವರು ಡ್ರಿಲ್ ಮೇಷ್ಟ್ರು. ಮರುದಿನ ನನ್ನ ಪಾಠಕ್ಕೆ ಬಂದು ಲ್ಯಾಬಿನ ಕೊನೇ ಬೆಂಚಿನಲ್ಲಿ ಕೂತರು. ಊಟದ ಗಂಟೆ ಹೊಡೆದು ಮಕ್ಕಳು ಹೋದರೂ ಅವರು ಏಳಲಿಲ್ಲ. ನಾನು ಡಬ್ಬಿ ತೆಗೆದು, ಬನ್ನಿ ಊಟ ಮಾಡೋಣ ಎಂದೆ.

"ಅಲ್ಲ ಸಾರ್, ಇವತ್ತು ವ್ರತ ಇಲ್ವಾ?"

"ಯಾವ ವ್ರತ?"

"ಮಧ್ಯಾಹ್ನ ನೀವು ಮೌನವ್ರತದಲ್ಲಿ ಉಣ್ಣೋರಲ್ವಾ? ಹೊಸಬ್ರು ಬಂದ್ರೆ ನಾವು ಮೊದ್ಲು ಹೇಳೋದೇ ಅದು. ಸಾರ್‌ನ ಊಟಕ್ಕೆ ಕರೀಬೇಡಿ, ವ್ರತ ಕೆಡುತ್ತೆ ಅಂತ."

"ಹಾಗಂತ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಅಲ್ಲ ಅಂತ ನೀವೂ ಹೇಳ್ಲಿಲ್ಲವಲ್ಲ ಮಾರಾಯ್ರೇ."

ನನ್ನ ಡಬ್ಬಿಯನ್ನು ತಾವೇ ಎತ್ತಿಕೊಂಡು ನಡೆದರು. ನಾನು ಹಿಂದೆ. ಸ್ಟಾಫ್ ರೂಮಿನ ಪದ್ಧತಿಯಂತೆ ಎಲ್ಲರ ಡಬ್ಬಿಯೂ ಮೇಜಿನ ನಡುವೆ ಬಂತು, ನನ್ನದೂ. ಒಬ್ಬನೇ ಇರುವವನು ಬೆಳಿಗ್ಗೆ ಬಸ್ಸಿನ ಆತುರದಲ್ಲಿ ಮಾಡಿದ ಚಿತ್ರಾನ್ನ. ಎಲ್ಲರೂ ಒಂದೊಂದು ಚಮಚ ಹಾಕಿಕೊಂಡರು. ಗಣಿತದ ಮೇಡಂ ಒಂದು ಲೋಟ ನೀರು ಪೂರ್ತಿ ಕುಡಿದು, ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲವನ್ನು ಕೆಳಗಿಟ್ಟು, ನನಗೆ ಕೂರಲು ಹೇಳಿದರು.

"ಬೇಜಾರು ಮಾಡ್ಕೋಬೇಡಿ ಸಾರ್. ನಾಳೆಯಿಂದ ತಟ್ಟೆ ಮಾತ್ರ ತನ್ನಿ."