ಕಿಟಕಿ ಪಕ್ಕದ ಕುರ್ಚಿ

ಅಳತೆಗಾರ ದಿನಾ ನಾಲ್ಕು ಗಂಟೆಗೆ ಕಿಟಕಿಯಾಚೆ ನೋಡಿ ನಗುತ್ತಿದ್ದ. ನಕ್ಷೆಗಾರನ ತಾಪತ್ರಯಕ್ಕೆಲ್ಲ ಮೂಲ ಇದೇ.

ಜನರಿಗೆ ಮನೆ ಪ್ಲಾನ್ ಹಾಕಿಕೊಡುವ ಆ ಪುಟ್ಟ ಆಫೀಸಿನಲ್ಲಿ ಅಳತೆಗಾರನಿಗೆ ಕಿಟಕಿ ಪಕ್ಕದ ಮೇಜು. ನಕ್ಷೆಗಾರನಿಗೆ ಟಾಯ್ಲೆಟ್ ಬಾಗಿಲಿನ ಪಕ್ಕದ ಮೂಲೆ, ಹಗಲಲ್ಲೂ ಟ್ಯೂಬ್‌ಲೈಟ್ ಉರಿಯಬೇಕು. ನಾಲ್ಕಕ್ಕೆ ಸರಿಯಾಗಿ ಯಜಮಾನರು ಒಳಗಿನಿಂದ, "ಎಲ್ಲಿ, ಇವತ್ತಿನ ಮನೆ ಒಂದ್ಸಲ ತಿರುಗಿಸಿ ನೋಡಪ್ಪಾ," ಅನ್ನುವರು. ನಕ್ಷೆಗಾರನ ಹಳೆಯ ಕಂಪ್ಯೂಟರಿನಲ್ಲಿ ಮನೆಯ ಚಿತ್ರ, ಹೊಟ್ಟೆ ತುಂಬಿದ ಎಮ್ಮೆ ಮಗ್ಗುಲು ಬದಲಿಸಿದ ಹಾಗೆ ತಿರುಗುವುದು. ಅದೇ ಹೊತ್ತಿಗೆ ಕಿಟಕಿ ಬಳಿ ಅಳತೆಗಾರನ ಭುಜ ಕುಣಿಯತೊಡಗುವುದು.

ಏನಿದೆ ಅಲ್ಲಿ? ಕೇಳಿದರೆ, "ಏನಿಲ್ಲ ಬಿಡಪ್ಪಾ." ಮೂರು ಸಲ ನಕ್ಷೆಗಾರ ಧಡಕ್ಕನೆ ಎದ್ದು ಓಡಿಬಂದು ನೋಡಿದ್ದ. ಎದುರು ಕಟ್ಟಡದ ಗಾಜಿನ ಗೋಡೆ, ಅಷ್ಟೆ. ಒಂದು ಪಾರಿವಾಳವೂ ಇಲ್ಲ. ಅಷ್ಟರಲ್ಲಿ ಅಳತೆಗಾರನ ನಗುವೂ ನಿಂತಿರುತ್ತಿತ್ತು. ಮೂರು ವರ್ಷದಿಂದ ಇದೊಂದು ಪ್ರಶ್ನೆ ಹಲ್ಲಿನ ಸಂದಿಯ ನಾರಿನಂತೆ ಅವನನ್ನು ಕಾಡುತ್ತಿತ್ತು.

ಆ ದಿನ ಬೆಳಿಗ್ಗೆ ಯಜಮಾನರು ಒಂದು ಡಬ್ಬಿ ತಂದು ಅವನ ಮೇಜಿನ ಮೇಲಿಟ್ಟರು. "ಗ್ರಾಫಿಕ್ಸ್ ಕಾರ್ಡು. ಹಾಕಿದ್ರೆ ಮನೆ ಬೇಗ ತಿರುಗುತ್ತಂತೆ. ಮೂರೂವರೆಗೆ ಗಂಡ ಹೆಂಡತಿ ಬರ್ತಾರೆ. ಕಟ್ಟೋಕೆ ಮುಂಚೆ ತಮ್ಮ ಮನೆಯೊಳಗೆ ಓಡಾಡಬೇಕಂತೆ. ಓಡಾಡಿಸಿದೆ ಅಂದ್ರೆ ನಿಂಗೇನು ಬೇಕೋ ಕೇಳು."

"ಕಿಟಕಿ ಪಕ್ಕದ ಜಾಗ," ಅಂದ ನಕ್ಷೆಗಾರ, ಉಸಿರೂ ತೆಗೆದುಕೊಳ್ಳದೆ.

ಅಳತೆಗಾರ ತಲೆಯೆತ್ತಿದ. ಯಜಮಾನರು ಇಬ್ಬರನ್ನೂ ನೋಡಿ, "ಆಯ್ತು. ಆಗ್ಲಿಲ್ಲ ಅಂದ್ರೆ ಮತ್ತೆ ಈ ಮಾತು ಎತ್ತಬಾರದು," ಅಂದರು.

ಕಾರ್ಡು ಸಿಕ್ಕಿಸುವುದೇನೋ ಹತ್ತು ನಿಮಿಷದ ಕೆಲಸ. ಆದರೆ ಆಫೀಸಿನ ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್. ಕಾರ್ಡಿನ ಭಾಷೆ ಅದಕ್ಕೆ ತಿಳಿಯಬೇಕಾದರೆ ನಡುವೆ ಡ್ರೈವರ್ ಎಂಬ ದುಭಾಷಿಯನ್ನು ಕೂರಿಸಬೇಕು. ನಕ್ಷೆಗಾರ ಬಾಮೈದನಿಗೆ ಫೋನ್ ಹಚ್ಚಿದ.

"ಪರದೆ ಮೇಲೆ ಆಜ್ಞೆ ಬರೆಯೋ ಕಪ್ಪು ಕಿಟಕಿ ತೆಗೀರಿ ಭಾವ. ನಾನು ಹೇಳಿದ್ದು ಟೈಪ್ ಮಾಡಿ. ಪಾಸ್‌ವರ್ಡ್ ಕೇಳುತ್ತೆ, ಕೊಡಿ."

ನಕ್ಷೆಗಾರ ಕೊಟ್ಟ. ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಮತ್ತೆ ಒತ್ತಿದ. ಇಲ್ಲ.

ಟೈಪಿಸ್ಟ್ ಅಕ್ಕ ಹಿಂದೆಯೇ ನಿಂತಿದ್ದಳು. ಯಾರ ಮೇಜಿನ ಮೇಲೆ ಏನೇ ಆಗುತ್ತಿದ್ದರೂ ಅವಳಿಗೆ ತನ್ನ ಕುರ್ಚಿಯಲ್ಲಿ ಕೂರಲು ಆಗುತ್ತಿರಲಿಲ್ಲ. "ನಿಮ್ಮ ಕೀಬೋರ್ಡ್ ಸತ್ತಿದೆ ಕಣ್ರೀ. ನಂದು ತಗೊಳ್ಳಿ." ಅವಳದ್ದು ಬಂತು. ಅದರಲ್ಲೂ ಏನೂ ಮೂಡಲಿಲ್ಲ. ಅಳತೆಗಾರ ಎಲ್ಲಿಂದಲೋ ಮೂರನೆಯದನ್ನು ತಂದ. ಅರ್ಧ ತಾಸಿನಲ್ಲಿ ಮೇಜು ಗುಜರಿ ಅಂಗಡಿಯಾಯಿತು.

ಬಾಮೈದ ಫೋನಿನಲ್ಲೇ ನಿಟ್ಟುಸಿರಿಟ್ಟ. "ಅದು ಕಾಣಿಸೋದೇ ಇಲ್ಲ ಭಾವ. ಕಾಣದಿದ್ರೂ ಬರೀತಿರುತ್ತೆ. ನಂಬಿ ಒತ್ತಿ."

ನಂಬಿ ಒತ್ತಿದ. ಕೆಲಸ ಶುರುವಾಯಿತು. ನೂರಕ್ಕೆ ಅರವತ್ತು ಎಂಬಲ್ಲಿಗೆ ಬಂದು ಗೆರೆ ನಿಂತಿತು.

"ಅದು ನಿಂತ್ರೆ ನೀವ್ಯಾಕ್ರೀ ಬಲಕ್ಕೆ ವಾಲ್ತೀರಿ? ಬಸ್ಸು ತಳ್ಳೋ ಹಾಗೆ," ಅಂದಳು ಅಕ್ಕ.

"ಎಲ್ಲಿ ವಾಲ್ದೆ?"

ಅಳತೆಗಾರ ಕೆಮ್ಮು ಬಂದವನಂತೆ ಬಾಯಿಗೆ ಕೈ ಅಡ್ಡ ಹಿಡಿದ.

ಮುಗಿದಾಗ ಎರಡು ಗಂಟೆ. ಬಾಮೈದ ಎಚ್ಚರಿಸಿದ: "ಈಗ ಕಂಪ್ಯೂಟರ್ ಆರಿಸಿ ಹಚ್ಚಿ. ಒಂದು ನೀಲಿ ಪರದೆ ಬರುತ್ತೆ. ಹತ್ತು ಸೆಕೆಂಡಲ್ಲಿ ಯಾವುದಾದ್ರೂ ಕೀ ಒತ್ತಬೇಕು. ತಪ್ಪಿತು ಅಂದ್ರೆ ಮತ್ತೆ ಮೊದಲಿಂದ."

ನೀಲಿ ಪರದೆ ಬಂತು. ಅಪರೂಪದ ಹಕ್ಕಿ ಕಂಡವನಂತೆ ನಕ್ಷೆಗಾರ ತಿರುಗಿ, "ಅಕ್ಕಾ, ಬಂತು ನೋಡಿ," ಅಂದ. ಅಕ್ಕ ಬಂದಳು. ಕನ್ನಡಕ ಮರೆತಿದ್ದಳು, ವಾಪಸ್ ಹೋಗಿ ತಂದಳು. ಇಬ್ಬರೂ ಪರದೆಗೆ ಬಗ್ಗಿದಾಗ ನೀಲಿ ಹೋಗಿತ್ತು.

ಮತ್ತೆ ಮೊದಲಿನಿಂದ. ಎರಡನೆಯ ಸಲ ಮುಂದಿದ್ದ ಮೂರು ಕೀಬೋರ್ಡುಗಳಲ್ಲಿ ಒತ್ತಬೇಕಾದ್ದು ಯಾವುದೆಂದು ಗೊತ್ತಾಗದೆ ಹತ್ತು ಸೆಕೆಂಡು ಕಳೆಯಿತು. ಮೂರನೆಯ ಸಲ ನಕ್ಷೆಗಾರ ಯಾರನ್ನೂ ಕರೆಯಲಿಲ್ಲ, ರೆಪ್ಪೆಯನ್ನೂ ಬಡಿಯಲಿಲ್ಲ. ನೀಲಿ ಬಂದದ್ದೇ ತಡ, ಜಿರಲೆ ಹೊಡೆದಂತೆ ಮೂರೂ ಕೀಬೋರ್ಡುಗಳ ಮೇಲೆ ಹೊಡೆದ.

ಮೂರು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ ಪರದೆಯ ಮೇಲೆ ಮನೆ ಎದ್ದು ನಿಂತಿತು. ಮೌಸಿಗೆ ಬೆರಳು ಸೋಕಿಸಿದರೆ ಬುಗುರಿಯಂತೆ ಗಿರ್ರನೆ ತಿರುಗಿತು.

ಗಂಡ ಹೆಂಡತಿ ಬಂದರು, ಇಲ್ಲದ ಮನೆಯ ಮೆಟ್ಟಿಲು ಹತ್ತಿದರು, ಇಲ್ಲದ ಅಡುಗೆಮನೆಯಲ್ಲಿ ಗ್ಯಾಸ್ ಎಲ್ಲಿಡುವುದೆಂದು ಜಗಳವಾಡಿದರು, ಒಪ್ಪಿಕೊಂಡು ಹೋದರು. ಯಜಮಾನರು ಮಾತಿಗೆ ತಪ್ಪಲಿಲ್ಲ. ಅಳತೆಗಾರ ತನ್ನ ನೀರಿನ ಬಾಟ್ಲಿ, ಅಳತೆ ಪಟ್ಟಿ ಎತ್ತಿಕೊಂಡ. ನಕ್ಷೆಗಾರ ಕಂಪ್ಯೂಟರನ್ನು ಕಂಕುಳಲ್ಲಿ ಮಗುವಿನಂತೆ ಎತ್ತಿ ತಂದು ಕಿಟಕಿ ಪಕ್ಕ ಕೂರಿಸಿದ.

ನಾಲ್ಕಾಯಿತು. ಹೊರಗೆ ನೋಡಿದ. ಗಾಜಿನ ಗೋಡೆ. ಕಾದ. ಪಾರಿವಾಳವೂ ಇಲ್ಲ.

"ಈಗಲಾದ್ರೂ ಹೇಳು ಮಾರಾಯ. ಏನು ನೋಡಿ ನಗ್ತಿದ್ದೆ?"

ಅಳತೆಗಾರ ಬಾಟ್ಲಿ ಹಿಡಿದು ನಿಂತೇ ಹೇಳಿದ. "ನಾಲ್ಕು ಗಂಟೆಗೆ ಆ ಗಾಜಿನ ಮೇಲೆ ನೆರಳು ಬೀಳುತ್ತೆ. ಕನ್ನಡಿ ಆಗಿಬಿಡುತ್ತೆ. ನಮ್ಮ ಮೂಲೆಯ ಟ್ಯೂಬ್‌ಲೈಟ್ ಕೆಳಗೆ ಒಬ್ಬ ಕಾಣ್ತಿದ್ದ. ಮನೆ ನಿಧಾನಕ್ಕೆ ಎಡಕ್ಕೆ ತಿರುಗಿದ್ರೆ ಹಲ್ಲು ಕಚ್ಚಿ ಎಡಕ್ಕೆ ವಾಲೋನು, ಬಲಕ್ಕೆ ತಿರುಗಿದ್ರೆ ಬಲಕ್ಕೆ. ಒಂದ್ಸಲ ಕುರ್ಚಿ ಸಮೇತ ಬಿದ್ದ."

ನಕ್ಷೆಗಾರನಿಗೆ ತಾನು ಬಿದ್ದದ್ದು ನೆನಪಿತ್ತು. "ನಾನು ಎದ್ದು ಬಂದು ನೋಡಿದಾಗ ಯಾರೂ ಕಾಣಲಿಲ್ಲವಲ್ಲ?"

"ಹೇಗೆ ಕಾಣುತ್ತೆ? ನೀನು ಇಲ್ಲಿ ನಿಂತಿರ್ತಿದ್ದೆ." ಅಳತೆಗಾರ ನಿಜವಾದ ಬೇಸರದಿಂದ ಕಂಪ್ಯೂಟರ್ ಕಡೆ ನೋಡಿದ. "ಈ ಕಿಟಕೀಲಿ ನೋಡೋಕೆ ಇದ್ದದ್ದು ಅದೊಂದೇ. ಅದನ್ನೂ ಇವತ್ತು ರಿಪೇರಿ ಮಾಡ್ಬಿಟ್ಟೆ."

ಅವನು ಹೋಗಿ ಮೂಲೆಯಲ್ಲಿ ಕೂತ. ನಕ್ಷೆಗಾರ ಕಿಟಕಿಗೆ ಮೂಗು ಒತ್ತಿದ. ಎದುರು ಗಾಜಿನಲ್ಲಿ, ದೂರದಲ್ಲಿ, ಟ್ಯೂಬ್‌ಲೈಟ್ ಕಂಡಿತು. ಅದರ ಕೆಳಗೆ ಒಬ್ಬ ಮನುಷ್ಯ, ಕೈಕಟ್ಟಿ ಕೂತವನು. ಸರಿಯಾಗಿ ಕಾಣಲೆಂದು ನಕ್ಷೆಗಾರ ಎಡಕ್ಕೆ ವಾಲಿದ. ಕುರ್ಚಿಯ ತುದಿಗೆ ಜರುಗಿ ಬಲಕ್ಕೆ ವಾಲಿದ.

ಗಾಜಿನೊಳಗಿನ ಮನುಷ್ಯನ ಭುಜ ಮೆಲ್ಲಗೆ ಕುಣಿಯತೊಡಗಿತು.