ಮೂರನೇ ಮಗ್ಗದ ತೂತಿನ ಕಲ್ಲು

ಜಗತ್ತಿನ ರಹಸ್ಯಗಳ ಬಗ್ಗೆ ತಲೆ ಕೆಡಿಸಿಕೊಳ್ಳುವ ಗಂಡಸನ್ನು ಮನೆಯವರು ಕೆಲಸಕ್ಕೆ ಬಾರದವನೆಂದು ತೀರ್ಮಾನಿಸಿಬಿಡುವುದು ಎಲ್ಲ ಊರಿನ ಪದ್ಧತಿ. ನಾನು ಇದನ್ನು ಆಗಲೂ ಒಪ್ಪಿರಲಿಲ್ಲ, ಈಗಲೂ ಒಪ್ಪುವುದಿಲ್ಲ. ಈಜಿಪ್ತಿನವರು ಅಷ್ಟು ದೊಡ್ಡ ಕಲ್ಲುಗಳನ್ನು ಅಷ್ಟು ಎತ್ತರಕ್ಕೆ ಹೇಗೆ ಏರಿಸಿದರು, ಅಂಗೈಯಷ್ಟು ಹಕ್ಕಿಯೊಂದು ಸಮುದ್ರ ದಾಟಿ ಹೋದ ವರ್ಷ ಕೂತಿದ್ದ ಕೆರೆಗೇ ಹೇಗೆ ಮರಳಿ ಬರುತ್ತದೆ, ಮೊಹೆಂಜೊದಾರೊದವರು ಆ ಪುಟ್ಟ ಮುದ್ರೆಗಳ ಮೇಲೆ ಕೊರೆದಿಟ್ಟದ್ದು ಏನು, ಇಂಥವನ್ನೆಲ್ಲ ಯಾರಾದರೊಬ್ಬರು ಯೋಚಿಸಲೇಬೇಕು. ಗಂಡಸರೆಲ್ಲ ಹೆಂಡತಿ ಹೇಳಿದ ಕೆಲಸವನ್ನೇ ಮಾಡುತ್ತ ಹೋದರೆ ಜಗತ್ತಿನ ಜ್ಞಾನ ಬೆಳೆಯುವುದು ಹೇಗೆ? ಮಹಾರಾಷ್ಟ್ರದ ಗಡಿಯೂರು ಇಚಲಕರಂಜಿಯ ನಮ್ಮ ಓಣಿಯಲ್ಲಿ ಈ ಭಾರವನ್ನು ನಾನೊಬ್ಬನೇ ಹೊತ್ತಿದ್ದೆ. ಅದಕ್ಕಾಗಿ ಯಾರೂ ನನ್ನನ್ನು ಕರೆದು ಸತ್ಕಾರ ಮಾಡಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ದಿನಗಳವು. ಮನೆಯ ಹಿಂದೆ ನಮ್ಮದು ನಾಲ್ಕು ಕರೆಂಟಿನ ಮಗ್ಗಗಳ ಶೆಡ್ಡು. ಅಂಥ ಶೆಡ್ಡು ಊರಿನಲ್ಲಿ ಮನೆಗೊಂದು ಇದ್ದುದರಿಂದ ಹಗಲಿಡೀ ಖಟಾಖಟಾ ಸದ್ದು. ಪಕ್ಕದಲ್ಲಿ ಕೂತವರ ಮಾತೂ ಕೇಳಿಸುತ್ತಿರಲಿಲ್ಲ. ಕರೆಂಟು ಹೋದಾಗ ಮಾತ್ರ ನಮ್ಮೂರಿನ ಗಂಡ ಹೆಂಡಿರು ಪರಸ್ಪರ ಮಾತಾಡುತ್ತಿದ್ದರು. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರು. ಆ ಊಟದ ಹೊತ್ತಿಗೇ ಸಾಮಾನ್ಯವಾಗಿ ಕರೆಂಟು ಹೋಗುತ್ತಿತ್ತು. ತಿಂಗಳಿಗೊಮ್ಮೆ ತರಿಸುತ್ತಿದ್ದ ಮಾಸಪತ್ರಿಕೆಯಲ್ಲಿ ಓದಿದ್ದನ್ನು ನನ್ನ ಹೆಂಡತಿ ಪದ್ಮವ್ವನಿಗೆ ತಿಳಿಸಿಕೊಡಲು ಅದೇ ಸುಸಂಧಿ. ಒಮ್ಮೆ ಪಿರಾಮಿಡ್ಡಿನ ವಿಷಯ ಎತ್ತಿದೆ. ಒಂದು ಕಲ್ಲಿಗೂ ಇನ್ನೊಂದು ಕಲ್ಲಿಗೂ ನಡುವೆ ಬ್ಲೇಡು ತೂರಿಸಲೂ ಆಗುವುದಿಲ್ಲವಂತೆ ಎಂದೆ. ಆಕೆ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಅವರು ಕಟ್ಟಿ ಹೋದ್ರು, ಪಾಡಾತು. ನಮ್ಮ ಹಿತ್ತಲ ಗ್ವಾಡ್ಯಾಗ ನಾಯಿ ತೂರಿ ಬರಾಕತ್ತಾವು. ಅದಕ್ಕೊಂದು ನಾಕು ಇಟ್ಟಂಗಿ ಇಡಸ್ರಿ."

ನಿಸರ್ಗದ ರಹಸ್ಯಗಳಲ್ಲೂ ನನಗೆ ಇದೇ ಗತಿ. ಘಟ್ಟದಂಚಿನ ಆಜರಾ ಊರಿನ ಕಾಡಿನಲ್ಲಿ ಮಳೆಗಾಲದಲ್ಲಿ ಕೊಳೆತ ಕಟ್ಟಿಗೆ ಕತ್ತಲೆಯಲ್ಲಿ ಹಸಿರಾಗಿ ಹೊಳೆಯುತ್ತದೆಂದು ಕೇಳಿ, ಅಲ್ಲಿಗೆ ಗೇರುಬೀಜ ತರಲು ಹೋಗುತ್ತಿದ್ದ ಪರಿಚಯದವನಿಂದ ಒಂದು ತುಂಡು ತರಿಸಿದ್ದೆ. ನೆರೆಹೊರೆಯವರನ್ನೆಲ್ಲ ಕರೆದು, ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ, ನಡುವೆ ಕಟ್ಟಿಗೆ ಇಟ್ಟು ಕೂತೆವು. ಅದು ಹೊಳೆಯಲಿಲ್ಲ. ಲಾರಿಯ ಸೆಕೆಯಲ್ಲಿ ಒಣಗಿತ್ತೆಂದು ಕಾಣುತ್ತದೆ. ಕತ್ತಲೆಯಲ್ಲಿ ಬಹಳ ಹೊತ್ತು ಬೆವರಿದ ಮೇಲೆ ಯಾರೋ ಚಹಾ ಸಿಗುವುದೋ ಇಲ್ಲವೋ ಎಂದು ಕೇಳಿದರು. ಮರುದಿನ ಆ ಕಟ್ಟಿಗೆ ನಮ್ಮ ಬಚ್ಚಲ ಒಲೆಯಲ್ಲಿ ಹೊಳೆಯಿತು. ಈಗಲಾದರೂ ಹೊಳೆಯಿತಲ್ಲ ಎಂದು ಪದ್ಮವ್ವ ನನ್ನನ್ನು ಕರೆದು ತೋರಿಸಿದಳು.

ಇಷ್ಟಾದರೂ ಒಂದು ನಿಜವಾದ ಪ್ರಾಚೀನ ರಹಸ್ಯ ನನ್ನ ಶೆಡ್ಡಿನಲ್ಲೇ ನೇತಾಡುತ್ತಿದ್ದುದು ನನಗೆ ತಿಳಿದಿರಲಿಲ್ಲ. ಅದರ ಸಂಗತಿ ಹೀಗೆ. ನಮ್ಮೂರಿನಲ್ಲಿ ಹೆಂಗಸರು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವುದು, ಗಂಡಸರು ಮಗ್ಗ ನಡೆಸುವುದು ವಾಡಿಕೆ. ಮೂರನೇ ಮಗ್ಗದ ನೇಕಾರ ಹೇಳದೆ ಕೇಳದೆ ಬೇರೆ ಶೆಡ್ಡಿಗೆ ಹೋದಾಗ ಬೇರೆಯವನು ಸಿಗಲಿಲ್ಲ. ನನಗೆ ನೇಯಲು ಬರುವುದಿಲ್ಲ. ಪದ್ಮವ್ವ ಸೆರಗು ಸಿಕ್ಕಿಸಿಕೊಂಡು ತಾನೇ ಮಗ್ಗದ ಮುಂದೆ ನಿಂತಳು. ಓಣಿಯ ಹಿರಿಯರೊಬ್ಬರು ಕರೆಂಟು ಹೋದ ಹೊತ್ತಿಗೆ ಬಂದು, ಹೆಣ್ಣುಮಗಳು ಮಗ್ಗ ನಡೆಸುವುದು ಚಂದವಲ್ಲ ಎಂದು ನನಗೆ ಬುದ್ಧಿ ಹೇಳಿದರು. ಆಕೆ ಒಳಗಿಂದಲೇ ಹೇಳಿದಳು: "ಹಂಗಾರ ನೀವ ಬಂದು ನಡಸ್ರಿ ಮಾಮಾ. ನಾ ಚಹಾ ಮಾಡಿ ಕೊಡ್ತೇನಿ." ಅವರು ಮತ್ತೆ ಬರಲಿಲ್ಲ.

ಮಗ್ಗದ ಹಿಂದೆ ಬಟ್ಟೆಯ ಉದ್ದಕ್ಕೆ ಹಾಯುವ ಹಾಸಿನ ನೂಲು ಸುತ್ತಿದ ಬೀಮು ಎಂಬ ದೊಡ್ಡ ಉರುಳೆ ಇರುತ್ತದೆ. ಹಾಸು ಬಿಗಿಯಾಗಿ ನಿಲ್ಲಲು ಒಂದು ಸನ್ನೆಗೋಲಿಗೆ ಕಬ್ಬಿಣದ ಗುಂಡುಗಳನ್ನು ತೂಗುಹಾಕಬೇಕು. ಬೀಮು ಖಾಲಿಯಾಗುತ್ತ ಬಂದಂತೆ ಅವನ್ನು ಒಳಗೆ ಸರಿಸುತ್ತ ಬರಬೇಕು. ಬಿಟ್ಟುಹೋದ ಪುಣ್ಯಾತ್ಮ ಒಂದು ಗುಂಡನ್ನೂ ಒಯ್ದಿದ್ದ. ಪದ್ಮವ್ವನ ತವರು ಗಡಹಿಂಗ್ಲಜ. ಅಲ್ಲಿ ಹಿರಣ್ಯಕೇಶಿ ನದಿಯ ದಂಡೆಯ ಹೊಲದಲ್ಲಿ ಆಕೆಯ ಅಜ್ಜನಿಗೆ ನೇಗಿಲ ಬಾಯಿಗೆ ಸಿಕ್ಕಿದ್ದ ಒಂದು ದುಂಡು ಕಲ್ಲನ್ನು ಆಕೆ ಮದುವೆಯ ಪಾತ್ರೆಗಳ ಜೊತೆಗೇ ತಂದಿದ್ದಳು, ಉಪ್ಪಿನಕಾಯಿಯ ಭರಣಿಯ ಮೇಲೆ ಹೇರಲು. ಕರಿಯ, ನುಣುಪಾದ ಕಲ್ಲು, ನಟ್ಟನಡುವೆ ಎರಡೂ ಕಡೆಯಿಂದ ಕೊರೆದ ತೂತು. ಆ ತೂತಿಗೆ ಹಗ್ಗ ಪೋಣಿಸಿ ಸನ್ನೆಗೋಲಿಗೆ ಕಟ್ಟಿದಳು. ಮಗ್ಗ ನಡೆಯಿತು. ಅಂದಿನಿಂದ ಮೂರನೇ ಮಗ್ಗ ಆಕೆಯದು, ಆ ಮಗ್ಗದ ಕಲ್ಲೂ ಆಕೆಯದು. ನಾನು ದಿನಾ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಸಿಂಧೂ ಕಣಿವೆಯ ಬಗ್ಗೆ ಓದುತ್ತಿದ್ದೆ.

ಒಮ್ಮೆ ನೂಲಿನ ಕೆಲಸಕ್ಕೆ ಕೊಲ್ಲಾಪುರಕ್ಕೆ ಹೋದಾಗ ಪ್ರಾಚೀನ ಇತಿಹಾಸದ ಮೇಲೆ ಭಾಷಣವಿದೆಯೆಂಬ ಬೋರ್ಡು ಕಂಡು ಒಳಗೆ ನುಗ್ಗಿದೆ. ಕಾಲೇಜಿನ ಪ್ರೊಫೆಸರರೊಬ್ಬರು ಶಿಲಾಯುಗದ ವಸ್ತುಗಳ ಚಿತ್ರ ತೋರಿಸುತ್ತಿದ್ದರು. ಕೊಡಲಿ ಬಂತು, ಉಳಿ ಬಂತು, ಆಮೇಲೆ ಪರದೆಯ ಮೇಲೆ ಪದ್ಮವ್ವನ ಕಲ್ಲು ಬಂತು. ಇದು ಸಾವಿರಾರು ವರ್ಷ ಹಳೆಯದು, ಮಣ್ಣು ಅಗೆಯುವ ಕೋಲಿಗೆ ಭಾರವಾಗಿ ಹಾಕುತ್ತಿದ್ದರೋ, ಗದೆಯ ತಲೆಯೋ, ಮೀನಿನ ಬಲೆಗೆ ಕಟ್ಟುತ್ತಿದ್ದರೋ ಇನ್ನೂ ಖಚಿತವಾಗಿಲ್ಲ ಎಂದರು ಪ್ರೊಫೆಸರರು. ನಾನು ಎದ್ದು ನಿಂತು, ಹಿರಣ್ಯಕೇಶಿಯ ದಂಡೆಯಲ್ಲಿ ಸಿಕ್ಕ ಇಂಥದೇ ಕಲ್ಲು ನಮ್ಮ ಮನೆಯಲ್ಲಿದೆ ಎಂದೆ. ಸಭೆ ನನ್ನತ್ತ ತಿರುಗಿತು. ಬದುಕಿನಲ್ಲಿ ಮೊದಲ ಸಲ ಒಂದು ಸಭೆ ನನ್ನತ್ತ ತಿರುಗಿದ್ದರಿಂದ ಅಲ್ಲಿಗೇ ನಿಲ್ಲಿಸಲಾಗಲಿಲ್ಲ. ನಿಮ್ಮ ಕಾಲೇಜಿನ ಸಂಗ್ರಹಾಲಯಕ್ಕೆ ಅದನ್ನು ಕೊಡುತ್ತೇನೆ ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಕರ್ಣ ಕವಚ ಕೊಟ್ಟಾಗ ಅವನಿಗೆ ಚಪ್ಪಾಳೆ ಬಿದ್ದಿತ್ತೋ ಇಲ್ಲವೋ ಗೊತ್ತಿಲ್ಲ. ಆದರೆ ಅವನು ಕೊಟ್ಟದ್ದು ತನ್ನ ಮೈಮೇಲಿನದನ್ನು, ನಾನು ಕೊಟ್ಟದ್ದು ಹೆಂಡತಿಯ ತವರಿನದನ್ನು.

ಮನೆಗೆ ಬಂದು, ಕರೆಂಟು ಹೋಗುವವರೆಗೆ ಕಾದು, ಎಲ್ಲ ಹೇಳಿದೆ. ಪದ್ಮವ್ವ ಸಮಾಧಾನದಿಂದ ಕೇಳಿದಳು. ಕೇಳಿ, "ಒಯ್ದು ಏನ್ ಮಾಡ್ತಾರಂತ ಅದನ?" ಎಂದಳು.

"ಗಾಜಿನ ಪೆಟ್ಟಿಗ್ಯಾಗ ಇಡ್ತಾರ. ಮಂದಿ ಬಂದು ನೋಡ್ತಾರ."

"ದುಡಿಯೋ ಕಲ್ಲದು. ಕುಂಡ್ರಸಬ್ಯಾಡ್ರಿ ಅದನ. ಕುಂತು ತಿನ್ನೋರು ಈ ಮನ್ಯಾಗ ಅದಾರು, ಸಾಕು."

"ಮಾತು ಕೊಟ್ಟು ಬಂದೇನಿ ಪದ್ಮಾ. ನಾಕು ಮಂದ್ಯಾಗ ನನ್ನ ಮರ್ಯಾದಿ ಏನಾಗ್ಬೇಕು? ಹೊಸಾ ಕಬ್ಬಿಣದ ಗುಂಡು ತಂದು ಕೊಡ್ತೇನಿ, ಅದರ ಮ್ಯಾಲೂ ಮಗ್ಗ ನಡೀತೈತಿ."

"ನಡೀತೈತಿ, ಗೊತ್ತೈತಿ ನನಗ. ನಡೀತೈತಿ ಅಂತ ಬಿಟ್ಟು ಕೊಡಬೇಕೇನ್ರಿ? ಮಾತು ನಿಮ್ದು, ಕಲ್ಲು ನಂದು. ಅವರು ಬಂದ್ರ ಮಾತು ಒಯ್ಯಾಕ ಹೇಳ್ರಿ."

ನನಗೂ ಸಿಟ್ಟು ಬಂತು. ಇಡೀ ಮನುಕುಲದ ಇತಿಹಾಸ ಒಂದು ಕಡೆ, ಒಬ್ಬ ಹೆಂಗಸಿನ ಹಟ ಇನ್ನೊಂದು ಕಡೆ. ಎರಡು ದಿನ ನಾನು ಮಾತು ಬಿಟ್ಟೆ. ಮಗ್ಗಗಳ ಸದ್ದಿನಲ್ಲಿ ಅದು ಆಕೆಯ ಗಮನಕ್ಕೇ ಬರಲಿಲ್ಲ.

ಪ್ರೊಫೆಸರರು ಹೇಳಿದ ದಿನ ಬಂದೇ ಬಿಟ್ಟರು. ಮರಾಠಿಯವರಾದರೂ ಬಾಲ್ಯವನ್ನು ನಿಪ್ಪಾಣಿಯಲ್ಲಿ ಕಳೆದವರು, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಬಗಲಲ್ಲಿ ಹತ್ತಿ ತುಂಬಿದ ಒಂದು ಪೆಟ್ಟಿಗೆ. ಶೆಡ್ಡಿನಲ್ಲಿ ಪದ್ಮವ್ವ ಮಗ್ಗ ನಡೆಸುತ್ತಿದ್ದಳು. ಕಲ್ಲು ಕಂಡದ್ದೇ ತಡ, ಪ್ರೊಫೆಸರರಿಗೆ ಮೈಮೇಲೆ ಎಚ್ಚರ ಉಳಿಯಲಿಲ್ಲ. ಯಾರನ್ನೂ ಕೇಳದೆ ಬಗ್ಗಿ ಹಗ್ಗ ಸಮೇತ ಅದನ್ನು ಎತ್ತಿಬಿಟ್ಟರು. ಹಾಸು ಜೋಲುಬಿತ್ತು, ಲಾಳಿ ನೂಲಿನ ನಡುವೆ ಸಿಕ್ಕಿಕೊಂಡು ಒಂದು ಹಿಡಿ ಎಳೆಗಳು ಪಟಪಟನೆ ಕಡಿದುಹೋದವು. ಪದ್ಮವ್ವ ಮಗ್ಗ ನಿಲ್ಲಿಸಿದಳು, ಏನಾಯಿತೆಂದು ಉಳಿದ ಮೂರು ಮಗ್ಗದವರೂ ನಿಲ್ಲಿಸಿದರು. ಆಕೆ ಹಿಂದೆ ಬಂದು ನೋಡಿದಳು. ಸೂಟು ಹಾಕಿದ ಮನುಷ್ಯನೊಬ್ಬ ಆಕೆಯ ತವರಿನ ಕಲ್ಲನ್ನು ಕೂಸಿನಂತೆ ಎದೆಗವಚಿಕೊಂಡು ನಿಂತಿದ್ದ.

"ಇಡ್ರಿ ಅದನ," ಎಂದಳು.

"ಅಕ್ಕಾ, ಇದು ಏನಂತ ಗೊತ್ತೈತೇನ್ರಿ ನಿಮಗ? ಭಾಳ ಅಪರೂಪದ್ದು ಇದು." ಪ್ರೊಫೆಸರರು ಮೊದಲೇ ಬರೆದು ತಂದಿದ್ದ ಚೀಟಿಯನ್ನು ತೆಗೆದು, ಪೆಟ್ಟಿಗೆಯ ಮೇಲೆ ಹೀಗೆ ಹಾಕುತ್ತೇವೆ ಎಂದು ಓದಿ ತೋರಿಸಿದರು. ತೂತುಳ್ಳ ದುಂಡುಗಲ್ಲು. ಹಿರಣ್ಯಕೇಶಿ ತೀರ. ನವಶಿಲಾಯುಗ. ಉಪಯೋಗ ಖಚಿತವಾಗಿ ತಿಳಿದಿಲ್ಲ.

ಅಷ್ಟು ಹೊತ್ತು ಸಿಟ್ಟು ನುಂಗಿಕೊಂಡಿದ್ದ ಪದ್ಮವ್ವನ ಮುಖ ಆ ಕೊನೆಯ ಸಾಲಿಗೆ ಕೆಂಪೇರಿತು.

"ತಿಳಿದಿಲ್ಲಂದ್ರ ಹ್ಯಾಂಗ್ರಿ? ಇಷ್ಟು ವರ್ಷ ನಾ ಇದರ ಮ್ಯಾಲ ನೇದದ್ದು ಧೋತರ ಅಲ್ಲೇನು? ನೀವು ಉಟ್ಟಿದ್ದರೂ ಉಟ್ಟಿರಬೇಕು."

"ಹಂಗಲ್ರಿ. ಮೊದಲ ಮಾಡಿದವರು ಯಾಕ ಮಾಡಿದ್ರು ಅನ್ನೋದನ್ನ ಬರೀಬೇಕಾಗ್ತದ. ಅದು ನಮಗ ತಿಳಿದಿಲ್ಲ."

"ಅವರದು ನನಗೂ ತಿಳಿದಿಲ್ಲ. ಅವರೂ ಒಂದು ಹೊತ್ತಿನ ಊಟಕ್ಕ ದುಡದಿರಬೇಕು, ಪಾಪ. ಆದ್ರ ನಂದು ತಿಳಿದೈತೆಲ್ಲ? ನಿಮ್ಮ ಕಣ್ಣ ಮುಂದ ನಡಿಯಾಕತ್ತೈತಿ. ಅದನ್ನೂ ಬರೀರಿ, ಕಲ್ಲು ಒಯ್ರಿ. ಇಚಲಕರಂಜಿಯ ಪದ್ಮವ್ವ ಇದರ ಮ್ಯಾಲ ಮಗ್ಗ ನಡಸ್ಯಾಳ ಅಂತ ಬರೀರಿ."

ಪ್ರೊಫೆಸರರು ಒಳ್ಳೆಯ ಮನುಷ್ಯರು. ಸುಳ್ಳು ಹೇಳಿ ಕಲ್ಲು ಒಯ್ಯಬಹುದಿತ್ತು, ಒಯ್ಯಲಿಲ್ಲ. ಹಾಗೆ ಬರೆಯಲು ತಮ್ಮ ಮೇಲಿನವರು ಒಪ್ಪುವುದಿಲ್ಲ ಎಂದು ನಿಜ ಹೇಳಿ ನನ್ನ ಮುಖ ನೋಡಿದರು. ಪದ್ಮವ್ವನೂ ನನ್ನ ಮುಖ ನೋಡಿದಳು. ಸಭೆಯಲ್ಲಿ ಬಿದ್ದ ಚಪ್ಪಾಳೆ ನನಗೆ ನೆನಪಾಯಿತು. ಆ ಹಿರಿಯರು ಬುದ್ಧಿ ಹೇಳಲು ಬಂದ ದಿನ ನಾನು ಏನೂ ಮಾತಾಡದೆ ಪತ್ರಿಕೆ ಓದುತ್ತ ಕೂತಿದ್ದುದೂ ನೆನಪಾಯಿತು. "ಕಲ್ಲು ಆಕೆಯದು ಸರ್. ಕೊಡೂದಿಲ್ಲ," ಎಂದೆ. ಧ್ವನಿ ನಾನು ಅಂದುಕೊಂಡಷ್ಟು ಗಟ್ಟಿಯಾಗಿ ಬರಲಿಲ್ಲ. ಆದರೆ ಮಗ್ಗಗಳೆಲ್ಲ ನಿಂತಿದ್ದರಿಂದ ಇಬ್ಬರಿಗೂ ಕೇಳಿಸಿತು.

ಪದ್ಮವ್ವ ಮಗ್ಗದತ್ತ ತಿರುಗಿದಳು. ಕಡಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕಲು ಕೂತಳು. ಪ್ರೊಫೆಸರರು ಕಲ್ಲನ್ನು ತಾವೇ ಮರಳಿ ಕಟ್ಟಿ, ಮಗ್ಗ ಮತ್ತೆ ನಡೆಯುವವರೆಗೆ ನಿಂತರು. ಸನ್ನೆಗೋಲಿನ ತುದಿಯಲ್ಲಿ ಕಲ್ಲು ಮೆಲ್ಲಗೆ ತೂಗಾಡತೊಡಗಿದಾಗ, ಇಷ್ಟು ಕಲ್ಲು ನೋಡಿದೆ, ಕೆಲಸ ಮಾಡುವುದನ್ನು ನೋಡಿದ್ದು ಇದೊಂದೇ ಎಂದು ನಕ್ಕರು. ಆಮೇಲೆ ಆಕೆಯ ಅಪ್ಪಣೆ ಪಡೆದು, ಮಗ್ಗಕ್ಕೆ ರಜೆ ಇದ್ದ ದಿನ ಬಂದು ಕಲ್ಲಿನ ಅಚ್ಚು ತೆಗೆದುಕೊಂಡು ಹೋದರು. ಪ್ಲಾಸ್ಟರಿನಲ್ಲಿ ಅಂಥದೇ ಒಂದು ಮಾಡಿ, ಕರಿ ಬಣ್ಣ ಬಳಿದು ಸಂಗ್ರಹಾಲಯದಲ್ಲಿ ಇಟ್ಟರಂತೆ. ನನ್ನ ಮಾತೂ ಅಷ್ಟರಮಟ್ಟಿಗೆ ಉಳಿಯಿತು, ಪ್ಲಾಸ್ಟರಿನಲ್ಲಿ.

ಮುಂದೆ ಎಂಬತ್ತರ ದಶಕದಲ್ಲಿ, ಕೊಲ್ಲಾಪುರದಲ್ಲಿ ನೆಂಟರ ಮದುವೆಗೆ ಹೋದಾಗ ಪದ್ಮವ್ವ ತಾನಾಗಿಯೇ ಅದನ್ನು ನೋಡಬೇಕೆಂದಳು. ಕಾಲೇಜಿನ ಮೂಲೆಯಲ್ಲಿ ಎರಡು ಕೋಣೆ, ಬಾಗಿಲಲ್ಲಿ ಸ್ಟೂಲಿನ ಮೇಲೆ ಒಬ್ಬ ಕಾವಲುಗಾರ. ಗಾಜಿನೊಳಗೆ ಕೆಂಪು ಬಟ್ಟೆಯ ಮೇಲೆ ಪ್ಲಾಸ್ಟರಿನ ಕಲ್ಲು ಮದುಮಗನಂತೆ ಕೂತಿತ್ತು. ಕೆಳಗೆ ಮರಾಠಿಯಲ್ಲಿ ಅದೇ ಚೀಟಿ, ಉಪಯೋಗ ಖಚಿತವಾಗಿ ತಿಳಿದಿಲ್ಲ ಎಂಬ ಕೊನೆಯ ಸಾಲಿನ ಸಮೇತ. ಪದ್ಮವ್ವ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಆಮೇಲೆ ಕಾವಲುಗಾರನನ್ನು ಕರೆದು, ಇದು ನಕಲಿ, ಅಸಲಿ ನನ್ನ ಮಗ್ಗದ ಮೇಲಿದೆ, ಅದರ ಉಪಯೋಗ ಬೇಕಾದರೆ ಇಚಲಕರಂಜಿಗೆ ಬಂದು ನೋಡು ಎಂದು ಮರಾಠಿಯಲ್ಲಿ ಸ್ಪಷ್ಟವಾಗಿ ತಿಳಿಸಿದಳು. ಒಳಗಿದ್ದ ನಾಲ್ಕು ಜನರೂ ಸುತ್ತ ನೆರೆದರು. ಬೀಮು ಎಂದರೇನು, ಸನ್ನೆಗೋಲು ಎಂದರೇನು, ಕಲ್ಲು ಯಾವಾಗ ಸರಿಸಬೇಕು ಎಲ್ಲ ಕೈ ಆಡಿಸಿ ವಿವರಿಸಿದಳು. ಕಾವಲುಗಾರ ಬೆರಗಾಗಿ, ಅಮ್ಮನವರೇ ಸ್ವತಃ ಮಗ್ಗ ನಡೆಸುತ್ತಾರೆಯೇ ಎಂದು ಕೇಳಿದ. ಹೌದೆಂದಳು. ಆಗ ಅವನ ಕಣ್ಣು, ಆಕೆಯ ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದ ನನ್ನ ಮೇಲೆ ಬಿತ್ತು.

"ಆಣಿ ಮಾಲಕ ಕಾಯ್ ಕರತಾತ್?" ಎಂದ. ಯಜಮಾನರು ಏನು ಮಾಡುತ್ತಾರೆ ಎಂಬ ಸಾದಾ ಪ್ರಶ್ನೆ. ನಾನು ಗಂಟಲು ಸರಿಮಾಡಿಕೊಂಡೆ. ಈಜಿಪ್ತಿನಿಂದ ಶುರು ಮಾಡಲೋ ಮೊಹೆಂಜೊದಾರೊದಿಂದಲೋ ಎಂದು ಯೋಚಿಸುವಷ್ಟರಲ್ಲಿ ಪದ್ಮವ್ವ ಗಾಜಿನ ಮೇಲೆ ಬೆರಳಿಟ್ಟು, ಚೀಟಿಯ ಕೊನೆಯ ಸಾಲನ್ನು ತೋರಿಸಿದಳು.

"ವಾಚಾ ಕೀ. ಲಿಹಿಲಂಯ್ ತಿಥಂ," ಎಂದಳು. ಓದಿ ನೋಡು, ಅಲ್ಲಿ ಬರೆದಿದ್ದಾರೆ.

ಕಾವಲುಗಾರ ಬಗ್ಗಿ ತುಟಿ ಅಲ್ಲಾಡಿಸುತ್ತ ಓದಿದ. ನನ್ನನ್ನು ನೋಡಿದ. ಮತ್ತೊಮ್ಮೆ ಓದಿದ. ಕಲ್ಲಿನ ಮಟ್ಟಿಗೆ ಆ ಸಾಲು ಸರಿ ಇರಬಹುದು, ಅದು ವಿದ್ವಾಂಸರಿಗೆ ಬಿಟ್ಟದ್ದು. ನನ್ನ ಮಟ್ಟಿಗೆ ನಾನು ಅದನ್ನು ಈಗಲೂ ಒಪ್ಪುವುದಿಲ್ಲ.